ಜೇಬಿನಲ್ಲಿ ಹೊಸ ಮನೆ

ಇನ್ನು ಮುಂದೆ ಈ ಸೀನಪ್ಪ ಸೂರ್ಯ ಮುಳುಗುವ ಮೊದಲೇ ಮನೆ ಸೇರುತ್ತಾನೆ! ಚಿನ್ನದ ಗಣಿಯ ಊರು ಮೈಸೂರು ಮೈನ್ಸಿನಲ್ಲಿ, ಗಣಿ ಕೆಲಸದವರ ಸಾಲುಮನೆಗಳಲ್ಲೊಂದಾದ ನಮ್ಮ ಹಳೇ ಲೈನ್ ಮನೆಯ ಹೊಸ್ತಿಲ ಮೇಲೆ ನಿಂತು ಹೀಗೆಂದು ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರೇ. ಹೆಂಡತಿ ಸುಕನ್ಯ, ಪಕ್ಕದ ಮನೆಯ ಮುನಿನಾರಾಯಣಮ್ಮ.

ಹತ್ತೊಂಬತ್ತು ವರ್ಷದಿಂದ ನಾನು ಮಾರಿಕುಪ್ಪಂನಲ್ಲಿ ಕತ್ತಲಲ್ಲೇ ರೈಲು ಹತ್ತಿ, ಬೆಂಗಳೂರಿನ ಕಾರ್ಖಾನೆಯಲ್ಲಿ ಸ್ಟೋರ್ ಕಾದು, ಕತ್ತಲಲ್ಲೇ ವಾಪಸ್ ಇಳಿಯುವ ಗೂಬೆ ಜಾತಿಯವನು. ಭಾನುವಾರವೋ, ಸಂಜೆಯವರೆಗೂ ಕುಂಭಕರ್ಣನ ಸೇವೆ! ಸುಕನ್ಯಳಿಗೆ ಸೀರೆ ಬೇಡ, ಒಡವೆ ಬೇಡ. "ಬಿಸ್ಲು ಇರೋವಾಗ ನಿಮ್ ಜೊತೆ ಕೂತ್ಕೊಂಡು ಒಂದ್ ಲೋಟ ಕಾಫಿ ಕುಡೀಬೇಕು ಕಣ್ರೀ" ಅನ್ನುವಳು. ಅದೊಂದೇ ಆಸೆ.

ಅದಕ್ಕೇ ವೈಟ್‌ಫೀಲ್ಡ್ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿಯಲ್ಲಿ, ಬಣ್ಣದ ವಾಸನೆ ಇನ್ನೂ ಹೋಗದ ಹೊಸ ಕಟ್ಟಡದಲ್ಲಿ, ನಾಲ್ಕನೇ ಮಹಡಿಯ ಮನೆ ಕೊಂಡೆ. ಪಶ್ಚಿಮಕ್ಕೆ ಬಾಲ್ಕನಿ! ಅಲ್ಲಿ ಎರಡು ಕುರ್ಚಿಗಳನ್ನೂ ಮೊದಲೇ ಹಾಕಿಸಿಬಿಟ್ಟೆ.

ಗೃಹಪ್ರವೇಶ ಗುರುವಾರ ಸಂಜೆ ಐದಕ್ಕೆ. ಸುಕನ್ಯ ನೆಂಟರ ಜೊತೆ ವ್ಯಾನಿನಲ್ಲಿ ಬರುವುದು, ನಾನು ಕೆಲಸದಿಂದ ನೇರ ಬರುವುದು ಎಂದಾಯಿತು.

"ಒಂದಿನ ರಜಾ ಆಕ್ಬಾರ್ದಾ?"

"ರಜೆ ಯಾಕೆ? ಮೂರರ ಗಾಡಿ ಹತ್ತಿದರೆ ನಾಲ್ಕಕ್ಕೆ ಬಾಗಿಲಲ್ಲಿರ್ತೀನಿ!"

"ಕೀನಾದ್ರೂ ನನ್ ಕೈಗೆ ಕೊಟ್ಟೋಗಿ."

"ಯಜಮಾನನ ಕೈಯಿಂದಲೇ ಬೀಗ ತೆಗೀಬೇಕು ಕಣೇ! ಅದರ ಘನತೆ ನಿಂಗೇನ್ ಗೊತ್ತು?"

ಇದ್ದ ಎರಡೂ ಕೀಗಳನ್ನು ಜೇಬಿಗಿಳಿಸಿ ಝಣ ಝಣ ಅನ್ನಿಸುತ್ತಾ ಹೊರಟೆ.

ಗುರುವಾರ ಮೂರರ ಗಾಡಿ ಹತ್ತಿದೆ, ಕಿಟಕಿ ಪಕ್ಕ ಕೂತೆ. ಎರಡೇ ನಿಮಿಷ ಅಂತ ಕಣ್ಣು ಮುಚ್ಚಿದೆ. ನನ್ನ ರೆಪ್ಪೆಗಳಿಗೆ ಹತ್ತೊಂಬತ್ತು ವರ್ಷದ ತರಬೇತಿ! ಗಾಡಿ ಅಲುಗಿದರೆ ಮುಚ್ಚುತ್ತವೆ, ನಮ್ಮೂರು ಹತ್ತಿರವಾಗಿ ಕೋರಮಂಡಲ್ ಸ್ಟೇಷನ್ ಬಂದರೆ ತೆರೆಯುತ್ತವೆ. ತೆರೆದವು. ಎದುರಿಗೆ ನಮ್ಮೂರಿನ ಸುಧಾಕರ್ ನಿಂತಿದ್ದ. ಫಸ್ಟ್ ಶಿಫ್ಟ್ ಮುಗಿಸಿ ದಿನಾ ಇದೇ ಗಾಡಿಗೆ ಬರುವವನು.

"ವೈಟ್‌ಫೀಲ್ಡ್ ಬಂತೇನ್ಲಾ?"

"ವೈಟ್‌ಫೀಲ್ಡಾ? ಬಂಗಾರಪೇಟೆನೇ ಓಯ್ತು! ಚೆನ್ನಾಗ್ ಮಲ್ಗಿದ್ದೆ, ಎಬ್ಸೋಕೆ ಮನ್ಸಾಗ್ಲಿಲ್ಲ. ಕಾಲು ಚಾಚ್ಕೊಳ್ಳಿ ಪಾಪ ಅಂತ ನಾನೇ ಎದ್ದು ನಿಂತ್ಕೊಂಡೆ ಕಣ್ಲಾ!"

ಇಂಥ ಸ್ನೇಹಿತ ಶತ್ರುವಿಗೂ ಬೇಡಪ್ಪ! ಫೋನಿನಲ್ಲಿ ಸುಕನ್ಯಳ ಮೂವತ್ತೊಂದು ಕರೆ. ವಾಪಸ್ ಕರೆ ಮಾಡಿದೆ.

"ಎಲ್ಲಿದ್ದೀರಿ?"

"ಇಲ್ಲೇ... ಮನೆ ಅತ್ರ."

"ನಾನೂ ಮನೆ ಅತ್ರಾನೇ ನಿಂತಿದ್ದೀನಿ! ನೀವ್ ಯಾವ್ ಮನೆ ಅತ್ರ?"

ಅಷ್ಟರಲ್ಲಿ ಗಾಡಿ ಉದ್ದಕ್ಕೆ ಕೂಗಿ ನನ್ನ ಮಾನ ತೆಗೆಯಿತು.

ಆಮೇಲೆ ಗೊತ್ತಾಯಿತು. ಮುಹೂರ್ತ ಮೀರುತ್ತದೆಂದು ಎದುರು ಮನೆಯ ವರಲಕ್ಷ್ಮಮ್ಮ ತಮ್ಮ ಒಲೆ ಕೊಟ್ಟಿದ್ದರು. ನಮ್ಮ ಹಾಲು ಅವರ ಅಡುಗೆಮನೆಯಲ್ಲಿ ಭರ್ಜರಿಯಾಗಿ ಉಕ್ಕಿ, ಅವರಿಗೆ ಎರಡನೇ ಸಲ ಗೃಹಪ್ರವೇಶ! ಪುರೋಹಿತರು ನಮ್ಮ ಬೀಗಕ್ಕೆ ಅರಿಶಿನ ಕುಂಕುಮ ಹಚ್ಚಿ ಹೊರಟುಹೋದರು.

ಮಾರಿಕುಪ್ಪಂನಲ್ಲಿ ಇಳಿದು ಹಳೇ ಮನೆಗೆ ಬಂದರೆ ಅಲ್ಲೂ ಬೀಗ! ಅದರ ಕೀ ಸುಕನ್ಯಳ ಸೊಂಟದಲ್ಲಿ. ಎರಡು ಮನೆಯ ಯಜಮಾನ, ಎರಡಕ್ಕೂ ಹೊರಗೆ! ಮೆಟ್ಟಿಲ ಮೇಲೆ ಕುಸಿದು ಕೂತೆ. ಇಳಿಬಿಸಿಲು ಬಾಗಿಲಿನವರೆಗೂ ಹಾಸಿತ್ತು. ನಮ್ಮ ಮನೆಗೆ ಇಷ್ಟು ಚಂದದ ಬಿಸಿಲು ಬೀಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಯಾರು, ಸೀನಪ್ಪಾನಾ?" ಮುನಿನಾರಾಯಣಮ್ಮ ಹೊರಗೆ ಬಂದರು. "ಬೆಳಕಲ್ಲಿ ನಿನ್ ತಲೆ ನೋಡೇ ಇರ್ಲಿಲ್ಲ. ಇಷ್ಟ್ ಬೆಳ್ಳಗಾಗೈತಾ!"

ನಾನು ತಲೆ ಸವರಿಕೊಂಡೆ. ಅವರೇ ಮುಂದುವರಿಸಿದರು.

"ಸುಕನ್ಯ ದಿನಾ ಈ ಒತ್ನಾಗೆ ಇಲ್ಲೇ ಕೂತಿರ್ತಾಳೆ. ಎಲ್ಡು ಲೋಟ ಕಾಫಿ ಮಾಡ್ಕೊಂಡು. ಇವತ್ತಾದ್ರೂ ಬ್ಯಾಗ ಬತ್ತಾರೇನೋ ಅಂತಾಳೆ. ಆರೋಗೋ ಒತ್ಗೆ ಒಂದು ನಂಗೆ ಕೊಡ್ತಾಳೆ. ಅತ್ತೊಂಬತ್ತು ವರ್ಸದಿಂದ ನಿನ್ ಪಾಲಿನ ಕಾಫಿ ಕುಡ್ದೋಳು ನಾನೇ ಕಣಪ್ಪ! ಇನ್ಮೇಲೆ ನಂಗ್ಯಾರು ಕೊಡ್ತಾರೆ?"

ಮೆಟ್ಟಿಲಿತ್ತು, ಬಿಸಿಲಿತ್ತು, ನಾನೂ ಇದ್ದೆ. ಸುಕನ್ಯ ಮಾತ್ರ ವೈಟ್‌ಫೀಲ್ಡಿನಲ್ಲಿ ಬೀಗ ನೋಡುತ್ತಾ ನಿಂತಿದ್ದಳು. ಅವಳು ಈಗ ಪಕ್ಕದಲ್ಲಿರಬೇಕಿತ್ತು ಎಂದು ಜೀವ ಒದ್ದಾಡಿಹೋಯಿತು.

ವಾಪಸ್ ಗಾಡಿ ಸಿಗದೆ ಆ ರಾತ್ರಿ ನಾನು ಅಜ್ಜಿಯ ಮನೆಯಲ್ಲಿ, ಅವಳು ವರಲಕ್ಷ್ಮಮ್ಮನವರ ಮನೆಯಲ್ಲಿ. ಮಾರನೆಯ ದಿನ ಮೊದಲ ಗಾಡಿಗೇ ಹೋಗಿ, ಘನತೆ ಗಿನತೆ ಏನೂ ಇಲ್ಲದೆ, ಕೀಗಳನ್ನು ಅವಳ ಕೈಗೇ ಹಾಕಿದೆ. ಈಗ ಸಂಸಾರ ಅಲ್ಲೇ. ಆದರೆ ರೆಪ್ಪೆಗಳಿಗೆ ಮನೆ ಬದಲಾದ ಸುದ್ದಿ ಮುಟ್ಟಬೇಕಲ್ಲ! ಮೊದಲ ವಾರ ಎರಡು ಸಲ ಕೋರಮಂಡಲ್‌ನಲ್ಲೇ ಕಣ್ಣು ಬಿಟ್ಟೆ. ಫೋನಿನಲ್ಲಿ ಅಲಾರಂ ಇಟ್ಟೆ. ಇಡೀ ಬೋಗಿ ಎದ್ದಿತು, ನಾನೊಬ್ಬನೇ ಏಳಲಿಲ್ಲ.

ಕೊನೆಗೆ ಸುಕನ್ಯಳೇ ದಿನಾ ಸಂಜೆ ವೈಟ್‌ಫೀಲ್ಡ್ ಪ್ಲಾಟ್‌ಫಾರಂಗೆ ಬರತೊಡಗಿದಳು. ಕಿಟಕಿಯಿಂದ ಕೈ ತೂರಿಸಿ ನನ್ನ ಕಿವಿ ಹಿಂಡಿ ಇಳಿಸುತ್ತಾಳೆ. ಕೈಯಲ್ಲಿ ಫ್ಲಾಸ್ಕು, ಎರಡು ಲೋಟ. ಬಾಲ್ಕನಿಯ ಕುರ್ಚಿಗಳ ಮೇಲೆ ಬಟ್ಟೆಗಳು ಒಣಗುತ್ತಿವೆ. ನಾವು ಸ್ಟೇಷನ್ ಬೆಂಚಿನ ಮೇಲೆ ಕೂತು, ಮಾರಿಕುಪ್ಪಂ ಗಾಡಿ ಕಣ್ಮರೆಯಾಗುವವರೆಗೂ ಅದನ್ನೇ ನೋಡುತ್ತಾ ಕಾಫಿ ಕುಡಿಯುತ್ತೇವೆ.

ಮೊನ್ನೆ ತಡೆಯಲಾರದೆ ಕೇಳಿದೆ. "ಅಷ್ಟು ದೊಡ್ಡ ಹೊಸ ಮನೆ ಕೊಂಡೂ ನಿಂಗೆ ಕಾಯೋದು ತಪ್ಪಲಿಲ್ಲ. ಏನು ಸುಖ ಕೊಟ್ಟೆ ಹೇಳು?"

ಅವಳು ಲೋಟ ನನ್ನ ಕೈಗಿತ್ತು, ಬೆಂಚಿಗೆ ಬೆನ್ನು ಕೊಟ್ಟು ಒರಗಿಕೊಂಡಳು.

"ಅಂಗನ್ಬೇಡಿ. ಅಲ್ಲಿ ಮೆಟ್ಲ ಮ್ಯಾಲೆ ಕಾಯ್ತಿದ್ದೆ. ಇಲ್ಲಿ ಬೆನ್ನಿಗೆ ಒರಗಾದ್ರೂ ಐತೆ!"