ಮಾವನ ಕಾರಿನ ಎಣ್ಣೆಸ್ನಾನ

ನಮ್ಮ ಸೋದರಮಾವನ ಕಾರು ಓಡುತ್ತಿದ್ದುದು ಅಂಬೊಡೆಯ ಮೇಲೆ! ನಗಬೇಡಿ. ಅಂಬೊಡೆ, ಗೋಳಿಬಜೆ, ಬಟಾಟೆವಡೆ. ಹಬ್ಬದ ವಾರವಾದರೆ ಚಕ್ಕುಲಿ. ಅದು ಮುಂದೆ ಹೋದರೆ ಹಿಂದಿದ್ದವರಿಗೆ ಹಸಿವಾಗುತ್ತಿತ್ತು. ಸಯನ್ನಿನ ಬೀದಿನಾಯಿಗಳು ಬೇರೆಯವರ ಕಾರುಗಳನ್ನು ಬೊಗಳುತ್ತ ಅಟ್ಟಿಸಿಕೊಂಡು ಹೋದರೆ, ಮಾವನ ಕಾರನ್ನು ಬಾಲ ಅಲ್ಲಾಡಿಸುತ್ತ ಹಿಂಬಾಲಿಸುತ್ತಿದ್ದವು. ಇಂಥ ಮರ್ಯಾದೆ ಮುಂಬಯಿಯ ಯಾವ ಶೇಠಜಿಯ ಕಾರಿಗೆ ಸಿಕ್ಕೀತು, ಹೇಳಿ?

ಮಾವ ಮೀಸೆ ಚಿಗುರುವ ಮೊದಲೇ ಉಡುಪಿ ಕಡೆಯ ಊರಿನಿಂದ ಓಡಿಬಂದವರು. ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಸಯನ್ ಸ್ಟೇಷನ್ನಿನ ಹತ್ತಿರ ಸ್ವಂತದ್ದೊಂದು ಸಣ್ಣ ಹೋಟೆಲು ಮಾಡಿ ಹಣದ ಗಲ್ಲೆಯ ಮೇಲೆ ಕುಳಿತರು. ಕುಳಿತವರು ಮೊದಲು ಕೊಂಡದ್ದು ಮನೆಯನ್ನಲ್ಲ, ಕಾರನ್ನು! ಯಾವನೋ ಪಾರ್ಸಿ ಮುದುಕ ಬಿಟ್ಟುಕೊಟ್ಟ ದೋಣಿಯಂಥ ಅಮೆರಿಕನ್ ಕಾರು. ಅದರ ಇಂಜಿನು ಸತ್ತಿತ್ತು. ಕುರ್ಲಾದ ಗ್ಯಾರೇಜಿನಲ್ಲಿ ಬಿಜಾಪುರ ಕಡೆಯ ಸಾಬರೊಬ್ಬರು ಅದಕ್ಕೆ ಹಳೆಯ ಲಾರಿಯ ಡೀಸೆಲ್ ಇಂಜಿನು ಕೂಡಿಸಿಕೊಟ್ಟರು.

"ಮೈ ಆನೀದು, ಹೊಟ್ಟಿ ಕ್ವಾಣಂದು," ಎಂದರಂತೆ ಸಾಬರು. "ಹೆಂಗ ಹೊಂಟತು ಅಂತ ಕೇಳಬ್ಯಾಡ್ರಿ ಭಟ್ಟರ. ಹೊಂಟತಲ್ಲ, ಕೂಡ್ರಿ."

ಆಮೇಲೆ ಅರಬರು ಎಣ್ಣೆಯ ನಲ್ಲಿ ಬಿಗಿ ಮಾಡಿದರು. ಕಾರಿದ್ದ ಜನ ಕಾರನ್ನು ಮನೆಯಲ್ಲಿ ಬಿಟ್ಟು ಲೋಕಲ್ ಹತ್ತಿದರು. ಮಾವ ಮಾತ್ರ ತಮ್ಮ ಹೋಟೆಲಿನ ಬಾಣಲೆಯನ್ನೇ ದಿಟ್ಟಿಸಿದರು. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುವುದು ಅವರ ಧರ್ಮಕ್ಕೆ ಒಗ್ಗುತ್ತಿರಲಿಲ್ಲ. "ಗಿರಾಕಿಯ ಹೊಟ್ಟೆ ಕೆಡ್ತದೆ ಮಾರಾಯ. ಇಂಜಿನಿಗೆಂತ, ಪಿತ್ತ ಆಗ್ತದಾ?" ಎಂದು ನನ್ನನ್ನೇ ಕೇಳಿದರು. ನಾನು ಆಗ ಮುಂಬಯಿಯ ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಟೈಪಿಸ್ಟನಾಗಿದ್ದು ಅವರ ಮನೆಯಲ್ಲೇ ಉಣ್ಣುತ್ತಿದ್ದವನು. ಅನ್ನ ಹಾಕುವವರ ಜೊತೆ ವಾದ ಮಾಡುವುದುಂಟೇ? ಆಗುವುದಿಲ್ಲ ಎಂದೆ. ಅಂದಿನಿಂದ ಮಾವನ ಪಂಚೆಗಳು ಒಂದೊಂದಾಗಿ ಎಣ್ಣೆ ಸೋಸುವ ಬಟ್ಟೆಗಳಾದವು. ಅತ್ತೆ ತಮ್ಮ ಸೀರೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಒಮ್ಮೆ ಮಾಟುಂಗದ ಸರ್ಕಲಿನಲ್ಲಿ ಹವಾಲ್ದಾರನೊಬ್ಬ ಕೈ ಅಡ್ಡ ಹಿಡಿದ. ಕಾರಿನ ಸುತ್ತ ಮೂಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಾಡೀತ್ ಕಾಯ್ ತಳತಾಯ್ ಶೇಠ್?" ಅಂದ. ಗಾಡಿಯೊಳಗೆ ಏನು ಕರಿಯುತ್ತಿದ್ದೀರಿ ಎಂದು! ಡಿಕ್ಕಿ ತೆರೆಸಿ ಹುಡುಕಿದ. ಒಂದು ವಡೆಯೂ ಸಿಗದೆ ಅವನ ಮುಖ ಇಳಿದುಹೋಯಿತು. ಮಾವ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೀದಾ ಹೋಟೆಲಿಗೆ ಕರೆತಂದರು. ಅಲ್ಲಿಂದ ಮುಂದೆ ಅವನು ನಮ್ಮ ಖಾಯಂ ಗಿರಾಕಿ.

ಹೀಗೆ ಊರನ್ನೆಲ್ಲ ಗೆದ್ದ ಕಾರಿಗೆ ಒಬ್ಬರು ಮಾತ್ರ ಸೋಲಲಿಲ್ಲ. ಮಾವನ ಅಮ್ಮ, ಅಂದರೆ ನನ್ನ ಅಜ್ಜಿ. ಓಡಿಹೋದ ಮಗ ಅಮ್ಮನನ್ನು ತನ್ನದೇ ಕಾರಿನಲ್ಲಿ ಕೂರಿಸಬೇಕು. ಮಾವನಿಗೆ ಬದುಕಿನಲ್ಲಿ ಇದ್ದ ಆಸೆ ಅದೊಂದೇ. ಅದಕ್ಕೆಂದೇ ಅವರು ಮನೆಯ ಬದಲು ಕಾರು ಕೊಂಡದ್ದು ಎಂದು ಅತ್ತೆ ಹೇಳುತ್ತಿದ್ದರು. ಆ ವರ್ಷ ಅಜ್ಜಿ ಊರಿನಿಂದ ಬಂದಿಳಿದಾಗ ಮಾವ ಕಾರಿಗೆ ಹೂಮಾಲೆ ಹಾಕಿ ಬಾಗಿಲು ತೆರೆದು ನಿಂತರು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನೀರುಳ್ಳಿ ಬಜೆ ಕರಿದ ಎಣ್ಣೆಯಾ?"

"ಸ್ವಲ್ಪ ಉಂಟು, ಅಮ್ಮ."

"ಹಾಗಾದ್ರೆ ನಂಗೆ ಬಸ್ಸೇ ಸಾಕು."

ನೀರುಳ್ಳಿಯನ್ನು ಜನ್ಮದಲ್ಲಿ ಮುಟ್ಟದವಳು ಅದರ ಬೆನ್ನೇರಿ ಬರುತ್ತಾಳೆಯೇ? ಅಜ್ಜಿ ಕೆಂಪು ಬಸ್ಸು ಹತ್ತಿದಳು. ಮಾವ ಮಾಲೆ ಹಾಕಿದ ಖಾಲಿ ಕಾರನ್ನು ಸಯನ್ನಿನವರೆಗೂ ಬಸ್ಸಿನ ಹಿಂದೆಯೇ ಓಡಿಸಿದರು. ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಅಜ್ಜಿ ಮನಸ್ಸು ಬದಲಾಯಿಸಿ ಇಳಿಯುತ್ತಾಳೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಜ್ಜಿ ಇಳಿಯಲಿಲ್ಲ.

ಅಷ್ಟರಲ್ಲಿ ಧನುರ್ಮಾಸ ಬಂತು. ಸೂರ್ಯ ಹುಟ್ಟುವ ಮೊದಲು ಪೂಜೆ, ಹುಗ್ಗಿಯ ನೈವೇದ್ಯ. ಬಾಂದ್ರಾದ ಆಚೆ ನಮ್ಮವರ ಕೃಷ್ಣನ ಗುಡಿಯೊಂದಿತ್ತು. ಅಜ್ಜಿಗೆ ಒಂದು ದಿನವಾದರೂ ಆ ಪೂಜೆ ನೋಡಬೇಕು. ಆದರೆ ಮಂಡಿನೋವು, ನಡೆಯಲಾಗದು. ಮಡಿಯುಟ್ಟು ಬಸ್ಸು, ಟ್ಯಾಕ್ಸಿ ಹತ್ತುವಂತಿಲ್ಲ. ಹತ್ತು ಜನ ಮುಟ್ಟುತ್ತಾರೆ. ಮಾವ ಇದೇ ಸಮಯವೆಂದು ಕೈಮುಗಿದು ನಿಂತರು. "ಸೀಟಿನ ಮೇಲೆ ಮಣೆ ಹಾಕ್ತೇನೆ. ಬರೀ ತೆಂಗಿನೆಣ್ಣೆ, ನೀರುಳ್ಳಿ ಸೋಕಿರುದಿಲ್ಲ. ಆಗ್ಬಹುದಾ?" ಅಜ್ಜಿ ಎರಡು ದಿನ ಯೋಚಿಸಿ, "ಆಗಬಹುದು," ಎಂದಳು.

ಮಾವನ ಸಂಭ್ರಮ ಕೇಳಬೇಕೆ! ಅಂಗಡಿಯಿಂದ ಹೊಸ ತೆಂಗಿನೆಣ್ಣೆ ತಂದು ಸುರಿದರೆ ಮುಗಿಯಿತಲ್ಲ ಎಂದೆ. ಬಾಣಲೆ ಕಾಣದ ಎಣ್ಣೆಯನ್ನು ಸುಡುವುದು ಅನ್ನವನ್ನು ಚೆಲ್ಲಿದಷ್ಟೇ ಪಾಪವಂತೆ. ಸರಿ, ಟ್ಯಾಂಕಿನ ಹಳೆಯ ಎಣ್ಣೆ ಬಸಿದು ತೊಳೆದು, ಕಾರಿಗಾಗಿ ಕರಿಯುವುದು ಶುರುವಾಯಿತು. ಅತ್ತೆ ಅಪ್ಪ ಕರಿದರು, ಸುಕ್ಕಿನುಂಡೆ ಕರಿದರು, ಹಪ್ಪಳ, ಬಾಳೆಕಾಯಿ ಚಿಪ್ಸ್. ನಾವಿದ್ದ ಚಾಳಿನ ಸಾಲುಮನೆಗಳವರೆಲ್ಲ ತಿಂದರು. ಪಕ್ಕದ ಚಾಳಿನವರೂ ಬಂದು ತಿಂದರು. ಟ್ಯಾಂಕು ತುಂಬುವಷ್ಟರಲ್ಲಿ ನಾನು ಅಪ್ಪದ ಹೆಸರು ಕೇಳಿದರೆ ಎದ್ದು ಓಡುವಂತಾಗಿದ್ದೆ.

ಹೊರಡುವ ದಿನ ಇನ್ನೂ ಕತ್ತಲಿರುವಾಗಲೇ ಎದ್ದೆವು. ಮುಂಬಯಿಯಲ್ಲಿ ಚಳಿಯೇ ಇಲ್ಲ ಎನ್ನುವವರು ಆ ಬೆಳಗಿನಲ್ಲಿ ನಮ್ಮ ಚಾಳಿನ ಅಂಗಳಕ್ಕೆ ಬರಬೇಕಿತ್ತು. ಮಾವ ಮಂಕಿಕ್ಯಾಪು ಹಾಕಿಕೊಂಡು, ದೇವರ ಹೆಸರು ಹೇಳಿ ಕೀಲಿ ತಿರುಗಿಸಿದರು. ಕಾರು ಒಮ್ಮೆ ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು. ನರಳಲೂ ಇಲ್ಲ. ಟಾರ್ಚು ಹಿಡಿದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ, ಒಳಗೆ ಬೆಳ್ಳಗೆ ಬೆಣ್ಣೆ!

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಚಳಿಗಾಲದಲ್ಲಿ ತಲೆಗೆ ಹಚ್ಚುವ ಎಣ್ಣೆಯೇ ಕುಪ್ಪಿಯಲ್ಲಿ ಗಟ್ಟಿ ಆಗ್ತದೆ. ದಿನಾ ಬಿಸಿಲಿಗೆ ಇಡುದಿಲ್ವಾ ನಾನು?"

"ಮೊದ್ಲೇ ಹೇಳ್ಬಾರ್ದಾ?"

"ನಿಮ್ಮ ತಲೆಯಲ್ಲಿ ಕೂದಲಿದ್ದಿದ್ರೆ ನಿಮಗೇ ಗೊತ್ತಿರ್ತಿತ್ತು."

ಮಾತಿಗೆ ಮಾತು ಕೊಡದೆ ಅನ್ನ ಇಳಿಯದ ಮಾವ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ನಿಂತುಬಿಟ್ಟರು. ನನಗೆ ನೋಡಲಾಗಲಿಲ್ಲ. ಪೂಜೆಗೆ ಹೊತ್ತಾಗುತ್ತಿತ್ತು. ಈ ದಿನ ತಪ್ಪಿದರೆ ಅಜ್ಜಿ ಇನ್ನೊಮ್ಮೆ ಒಪ್ಪುವವಳಲ್ಲ.

ಆಗ ಬಚ್ಚಲಿನಿಂದ ಅಜ್ಜಿಯ ದನಿ ಬಂತು. "ಹಂಡೆಯಲ್ಲಿ ನೀರು ಕುದೀತಾ ಉಂಟು. ತಗೊಂಡು ಹೋಗಿ ಆ ಕಾರಿಗೆ ಹೊಯ್ಯಿ."

"ಅದು ನಿನ್ನ ಸ್ನಾನಕ್ಕೆ ಇಟ್ಟದ್ದು, ಅಮ್ಮ."

"ನಂಗೆ ತಣ್ಣೀರು ಸಾಕು. ಅದಕ್ಕೆ ಎಣ್ಣೆ ಹಚ್ಚಿ ಆಗಿದೆಯಲ್ಲ, ಬಿಸಿನೀರು ಬೇಡ್ವಾ?"

ಮುಂದಿನದು ದೀಪಾವಳಿಯೇ! ಮಾವ ಕಾರಿನಡಿ ತೂರಿದರು. ನಾನು ಬಿಸಿನೀರು ಹೊತ್ತು ತಂದೆ. ಟ್ಯಾಂಕಿಗೆ ಬಿಸಿನೀರಿನಲ್ಲಿ ನೆನೆಸಿದ ಗೋಣಿ ಸುತ್ತಿ, ಎಣ್ಣೆಯ ಕೊಳವೆಗೆ ಚೊಂಬಿನಿಂದ ಹೊಯ್ದು ಹೊಯ್ದು, ಮಾವ ಆ ಆನೆಯನ್ನು ಎಳೆಮಗುವನ್ನು ಮೀಯಿಸಿದ ಹಾಗೆ ಮೀಯಿಸಿದರು. ಚಾಳಿನ ಗ್ಯಾಲರಿಗಳಲ್ಲಿ ಚಾದರ ಹೊದ್ದ ಜನ ಸಾಲಾಗಿ ನಿಂತರು. ಕೀಲಿ ತಿರುಗಿತು. ಇಂಜಿನು ಕೆಮ್ಮಿತು, ಸೀನಿತು, ಗುಡುಗಿತು. ಅಂಗಳದ ತುಂಬ ಅಪ್ಪದ ಪರಿಮಳ! ಗ್ಯಾಲರಿಯವರು ಚಪ್ಪಾಳೆ ತಟ್ಟಿದರು. ತಣ್ಣೀರು ಮಿಂದ ಅಜ್ಜಿ ಮಡಿಸೀರೆಯಲ್ಲಿ ನಡುಗುತ್ತ ಬಂದು ಮಣೆಯ ಮೇಲೆ ಮಹಾರಾಣಿಯಂತೆ ಕುಳಿತಳು.

ಮಾಹೀಮಿನ ಖಾಡಿಯ ಸೇತುವೆಯ ಮೇಲೆ ಸಮುದ್ರದ ಗಾಳಿ ಹೊಡೆದಾಗ ಕಾರು ಒಮ್ಮೆ ತಡವರಿಸಿತು. ಅಜ್ಜಿ ಮುಂದಕ್ಕೆ ಬಾಗಿ ಕಾರಿಗೇ ಹೇಳಿದಳು, "ಇನ್ನು ಸ್ವಲ್ಪವೇ, ಹೋಗು ಮಗಾ." ಕಾರು ಹೋಯಿತು.

ಗುಡಿ ಮುಟ್ಟಿದಾಗ ಒಳಗಿನಿಂದ ಗಂಟೆ ಕೇಳುತ್ತಿತ್ತು. ಮಾವ ಬಾಗಿಲು ತೆರೆದು, ಮಡಿಗೆ ಸೋಕದಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಅಜ್ಜಿ ಇಳಿದಳು. ಎದುರಿಗೆ ಎತ್ತರದ ಮೆಟ್ಟಿಲುಗಳು. ಒಂದನ್ನು ಹತ್ತಿ, ಮಂಡಿ ಹಿಡಿದುಕೊಂಡು ನಿಂತಳು. ತಿರುಗಿ ಮಗನ ಕಡೆ ಕೈ ಚಾಚಿದಳು.

"ಅಮ್ಮ, ಮಡಿ," ಎಂದರು ಮಾವ. ಅವರ ಅಂಗಿಯ ತುಂಬ ಎಣ್ಣೆ, ಮಸಿ.

"ಇರ್ಲಿ. ಬಾ."

ಮಾವ ಹತ್ತಿರ ಹೋದರು. ಅಜ್ಜಿ ಅವರ ಹೆಗಲಿನ ಮೇಲೆ ಭಾರ ಹಾಕಿ ಒಂದೊಂದೇ ಮೆಟ್ಟಿಲು ಹತ್ತಿದಳು. ಮಾವ ಊರಿಗೆ ಹೋದಾಗಲೆಲ್ಲ ಅವಳು ಮಡಿಯಲ್ಲಿರುತ್ತಿದ್ದಳು. ಅವರು ದೂರದಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿ ಬರುತ್ತಿದ್ದರು. ಓಡಿಹೋದ ಮೇಲೆ ಅಮ್ಮ ಅವರನ್ನು ಮುಟ್ಟಿದ್ದು ಅದೇ ಮೊದಲು. ಮೆಟ್ಟಿಲು ಮುಗಿದಿತ್ತು. ಅಜ್ಜಿ ಕೈ ತೆಗೆಯಲಿಲ್ಲ.