ನಮ್ಮ ಭಾವನ ನಿಧಾನ ಸೈಕಲ್ಲು

ನಮ್ಮ ಭಾವನಿಗೆ ಸೈಕಲ್ ಹೊಡೆಯಲು ಬರುತ್ತಿತ್ತು. ಸೈಕಲ್ ಹತ್ತಿ ಎಲ್ಲಿಗಾದರೂ ಹೋಗಲು ಮಾತ್ರ ಬರುತ್ತಿರಲಿಲ್ಲ!

ನಗಬೇಡಿ. ಲಗ್ಗೆರೆಯಿಂದ ಪೀಣ್ಯದ ಕಾರ್ಖಾನೆಗೆ ವರ್ಷಗಟ್ಟಲೆ ಅವರ ಜೊತೆ ಹೋಗಿ ಬಂದವನು ನಾನು. ಅಕ್ಕನ ಗಂಡ, ನನಗೆ ಕೆಲಸ ಕೊಡಿಸಿದವರು, ತಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿಕೊಳ್ಳಲು ಜಾಗ ಕೊಟ್ಟವರು. ಹೀಗಾಗಿ ಆಗ ಅವರ ವಿಷಯದಲ್ಲಿ ಬಾಯಿ ಬಿಡುವಂತಿರಲಿಲ್ಲ. ಈಗ ಬಾಯಲ್ಲಿ ಹಲ್ಲೂ ಇಲ್ಲ, ಎದೆಯಲ್ಲಿ ಭಯವೂ ಇಲ್ಲ. ಅದೂ ಅಲ್ಲದೆ ನಾನು ಒಪ್ಪಿಕೊಳ್ಳಬೇಕಾದ ಒಂದು ಸುಳ್ಳೂ ಇದರಲ್ಲಿದೆ.

ನಮ್ಮ ಕಾರ್ಖಾನೆಯ ವಾರ್ಷಿಕ ಕ್ರೀಡಾಕೂಟದಲ್ಲಿ ಸ್ಲೋ ಸೈಕಲ್ ರೇಸ್ ಅಂತ ಒಂದಿತ್ತು. ಸುಣ್ಣದ ಎರಡು ಗೆರೆಗಳ ನಡುವೆ ಸೈಕಲ್ ಬಿಡಬೇಕು, ಕಾಲು ನೆಲಕ್ಕೆ ಊರಬಾರದು, ಎಲ್ಲರಿಗಿಂತ ಕೊನೆಗೆ ಬಂದವನೇ ಗೆದ್ದವನು. ಉಳಿದವರಿಗೆಲ್ಲ ಅದು ವರ್ಷಕ್ಕೊಂದು ದಿನದ ತಮಾಷೆ. ಭಾವನಿಗೆ ವರ್ಷವಿಡೀ ತಪಸ್ಸು! ಬಹುಮಾನವಾಗಿ ಬಂದ ಸ್ಟೀಲ್ ಲೋಟ, ಡಬ್ಬಿ, ಜಗ್ಗುಗಳಿಂದಲೇ ಅಕ್ಕನ ಅಡುಗೆಮನೆ ತುಂಬಿತ್ತು. ಬೇರೆಯವರ ಮನೆಯಲ್ಲಿ ಗಂಡಂದಿರು ಓಡಾಡಿ ಸಂಸಾರ ಕಟ್ಟಿದರು. ನಮ್ಮ ಭಾವ ನಿಂತಲ್ಲೇ ನಿಂತು ಕಟ್ಟಿದರು.

ಅಭ್ಯಾಸಕ್ಕೆಂದು ಬೇರೆ ಹೊತ್ತು ಎಲ್ಲಿಂದ ತರುವುದು? ಕೆಲಸಕ್ಕೆ ಹೋಗುವ ದಾರಿಯೇ ಅಭ್ಯಾಸದ ಅಂಗಳ. ಮೊದಲ ಪಾಳಿಗೆ ಹೊರಡುವವರೆಲ್ಲ ಇನ್ನೂ ಮುಖ ತೊಳೆಯುತ್ತಿರುವಾಗಲೇ ಭಾವ ಹೊರಟುಬಿಡುತ್ತಿದ್ದರು. ಎಮ್ಮೆಗಳು ಅವರನ್ನು ಹಿಂದೆ ಹಾಕುತ್ತಿದ್ದವು. ಬೀದಿನಾಯಿಗಳು ಮೊದಮೊದಲು ಬೊಗಳಿಕೊಂಡು ಅಟ್ಟಿಸಿಕೊಂಡು ಬಂದು, ಅಟ್ಟಿಸಲು ಏನೂ ಇಲ್ಲದ್ದನ್ನು ಕಂಡು ನಾಚಿಕೊಂಡು ಹಿಂದಿರುಗುತ್ತಿದ್ದವು. ಒಮ್ಮೆ ಒಬ್ಬ ಲಾರಿ ಡ್ರೈವರ್ ಪಾಪ ಅನ್ನಿಸಿ ಬ್ರೇಕ್ ಹಾಕಿದ.

“ಏನಣ್ಣ, ಪಂಚರ್ರಾ?”

“ಇಲ್ಲಪ್ಪ, ಪ್ರಾಕ್ಟೀಸು.”

ಆ ಡ್ರೈವರ್ ನನ್ನ ಕಡೆ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ನನಗೂ ಇವರಿಗೂ ಸಂಬಂಧವಿಲ್ಲ ಎಂಬಂತೆ ಜೋರಾಗಿ ಪೆಡಲ್ ತುಳಿದು ಮುಂದೆ ಹೋಗಿಬಿಟ್ಟೆ.

ಅಕ್ಕನ ಸಹನೆ ದೊಡ್ಡದು. ಸಂತೆಗೆ ಹೋಗುವಾಗ ಅವಳು ಹಿಂದಿನ ಕ್ಯಾರಿಯರ್ ಮೇಲೆ ಕೂರುತ್ತಿದ್ದಳು. ದಾರಿಯಲ್ಲಿ ಸೊಪ್ಪಿನ ಗಾಡಿ ಕಂಡರೆ ಇಳಿದು, ದಂಟಿನ ಸೊಪ್ಪು ಆರಿಸಿ, ಚೌಕಾಸಿ ಮಾಡಿ, ಕಟ್ಟಿಸಿಕೊಂಡು ಬಂದು ಮತ್ತೆ ಕ್ಯಾರಿಯರ್ ಹತ್ತುತ್ತಿದ್ದಳು. ಅಷ್ಟರವರೆಗೆ ಭಾವ ಸೈಕಲ್ ನಿಲ್ಲಿಸಿರುತ್ತಿರಲಿಲ್ಲ!

“ರೀ, ಸ್ವಲ್ಪ ಜೋರಾಗಿ ತುಳೀರಿ, ಸೊಪ್ಪು ಬಾಡೋಗುತ್ತೆ.”

“ಜೋರಾಗಿ ಯಾರ್ ಬೇಕಾದ್ರೂ ತುಳೀತಾರೆ ಕಣೇ.”

ಈ ಸಂಸಾರದೊಳಕ್ಕೆ ಟೀವಿ ಬಂತು. ಅಂದರೆ ನಮ್ಮ ಮನೆಗಲ್ಲ, ಓನರ್ ಮನೆಗೆ. ರಾಗಿ ಹೊಲವೆಲ್ಲ ಕಾರ್ಖಾನೆ ಶೆಡ್ಡುಗಳ ಪಾಲಾದ ಮೇಲೆ ಅವರು ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ನಮ್ಮಂಥ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಂಗಳದ ಆಚೆ ಅವರ ದೊಡ್ಡ ಮನೆ. ಭಾನುವಾರ ಸಂಜೆಯ ಸಿನಿಮಾಕ್ಕೆ ಸಾಲುಮನೆಯ ಹೆಂಗಸರೆಲ್ಲ ಅವರ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಒಂದು ಭಾನುವಾರ ಸೆಕೆ ಜಾಸ್ತಿಯಿತ್ತೋ, ಮನಸ್ಸು ಸರಿಯಿರಲಿಲ್ಲವೋ, ಓನರಮ್ಮ ಒಳಗಿನಿಂದ ಗದರಿದರು:

“ಕಿಟಕಿ ತಾವ ಇಂಗ್ ಅಡ್ಡ ನಿಂತ್ಕೊಂಡ್ರೆ ಗಾಳಿ ಎಂಗವ್ವಾ ಬರ್ತದೆ? ಅತ್ಲಾಗ್ ಓಗ್ರಿ!”

ಎಲ್ಲರಿಗಿಂತ ಮುಂದೆ ನಿಂತಿದ್ದವಳು ಅಕ್ಕ. ಅವಳು ಮನೆಗೆ ಬಂದಳು. ಆಗಲೇ ತೊಳೆದಿಟ್ಟಿದ್ದ ಸ್ಟೀಲ್ ಸಾಮಾನನ್ನೆಲ್ಲ ಇಳಿಸಿಕೊಂಡು ಮತ್ತೆ ತೊಳೆಯಲು ಕೂತಳು. ಭಾವ ಬಾಗಿಲಲ್ಲಿ ನಿಂತು ನೋಡಿದರು.

ಅದಾದ ಕೆಲವೇ ದಿನಕ್ಕೆ ಕ್ಯಾಂಟೀನಿನಲ್ಲಿ ಸುದ್ದಿ ಹಬ್ಬಿತು. ಟೀವಿ ಜಾಹೀರಾತು ತೆಗೆಯುವವರು ಪೀಣ್ಯಕ್ಕೆ ಬರುತ್ತಾರಂತೆ. ಭಾನುವಾರ ಲಾರಿಗಳಿಲ್ಲದ ಅಗಲ ರಸ್ತೆ ಬೇಕಂತೆ. ಸೈಕಲ್ ಹೊಡೆಯುವ ಒಬ್ಬ ಮನುಷ್ಯನನ್ನು ಅಲ್ಲೇ ಆರಿಸುತ್ತಾರಂತೆ. ನೀವೂ ಹೋಗಿ ಎಂದು ನಾನು ತಮಾಷೆಗೆ ಹೇಳಿದೆ, ಭಾವ ಊಟದ ತಟ್ಟೆಯಿಂದ ತಲೆ ಎತ್ತಿದರು.

“ಆ ಟೀವೀಲಿ ನಾನು ಬಂದ್ರೆ ನಿಮ್ಮಕ್ಕನ್ನ ಒಳಗೆ ಕರೀಲೇಬೇಕಲ್ವೇನೋ?”

ನಾನು ನಗಬೇಕೆಂದಿದ್ದೆ. ಅವರ ಮುಖ ನೋಡಿ ಅನ್ನ ನುಂಗಿದೆ.

ಆ ಭಾನುವಾರ ಭಾವ ಇಸ್ತ್ರಿ ಮಾಡಿದ ಟೆರಿಲಿನ್ ಶರ್ಟು ತೊಟ್ಟು, ಸೈಕಲ್ಲಿಗೆ ಎಣ್ಣೆ ಬಿಟ್ಟು ಹೊರಟರು. ಎಸ್ಸೆಸ್ಸೆಲ್ಸಿ ಪಾಸಾದ ನಾನು ಇಂಗ್ಲಿಷಿನ ಸಹಾಯಕ್ಕೆ. ನಾವು ತಲುಪುವಾಗ ಆಯ್ಕೆ ಅರ್ಧ ಮುಗಿದಿತ್ತು. ಯಾಕೆಂದು ಬೇರೆ ಹೇಳಬೇಕೆ? ಪೀಣ್ಯದ ಹುಡುಗರೆಲ್ಲ ಸೈಕಲ್ ಏರಿ ಬಂದಿದ್ದರು. ಬೊಂಬಾಯಿಯಿಂದ ಬಂದಿದ್ದ ಡೈರೆಕ್ಟರ್ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ವಿಷಯ ಏನೆಂದರೆ, ಅದು ಸೈಕಲ್ಲಿನ ಜಾಹೀರಾತೇ ಅಲ್ಲ, ಹೊಸದೊಂದು ಮೊಪೆಡ್ಡಿನದು. ಆ ಮೊಪೆಡ್ಡಿನ ವೇಗ ದೇವರಿಗೇ ಪ್ರೀತಿ! ಅದು ಗಾಳಿಯ ಹಾಗೆ ಓಡುವಂತೆ ಕಾಣಬೇಕಾದರೆ ಪಕ್ಕದಲ್ಲಿ ನಿಂತಂತೆಯೇ ಚಲಿಸುವ ಒಂದು ಸೈಕಲ್ ಬೇಕಿತ್ತು. ನಿಧಾನ ಮಾಡಿ ಎಂದರೆ ಹುಡುಗರು ಒಬ್ಬೊಬ್ಬರಾಗಿ ಬಿದ್ದು ಮೊಣಕೈ ತರಚಿಕೊಂಡಿದ್ದರು.

ಭಾವನ ಸರದಿ ಬಂತು. ಸೈಕಲ್ ಹತ್ತಿದರು. ಡೈರೆಕ್ಟರ್ ಟೀ ಕೈಗೆತ್ತಿಕೊಂಡ. ಟೀ ಮುಗಿಯಿತು. ಸಿಗರೇಟು ಹಚ್ಚಿದ. ಅದೂ ಮುಗಿಯಿತು. ಭಾವ ಇನ್ನೂ ಅವನೆದುರಿಗೆ ಬಂದಿರಲಿಲ್ಲ.

“ಈಸ್ ಹಿ ಮೂವಿಂಗ್?” ಎಂದು ನನ್ನನ್ನು ಕೇಳಿದ.

“ಯೆಸ್ ಸಾರ್. ವೆರಿ ಮಚ್ ಸಾರ್.”

ಅವನು ಎದ್ದು ಬಂದು ಭಾವನನ್ನು ತಬ್ಬಿಕೊಂಡ! ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸಿದ. ಇವನು ಸೋತ ಮನುಷ್ಯ. ಕಾಲ ಮುಂದೆ ಹೋದರೂ ಇವನು ಹಳೇ ಸೈಕಲ್ ಬಿಡುವುದಿಲ್ಲ. ಸುಂದರ ಯುವಕ ಮೊಪೆಡ್ ಮೇಲೆ ಹಾದುಹೋಗುತ್ತಾನೆ, ದಾರಿಯ ಹುಡುಗಿ ಅವನ ಹಿಂದೆ ಹತ್ತಿ ಹೋಗುತ್ತಾಳೆ, ಇವನು ಧೂಳು ಕುಡಿಯುತ್ತಾ ಉಳಿಯುತ್ತಾನೆ. ಇವನನ್ನು ನೋಡಿ ದೇಶವೆಲ್ಲ ನಗಬೇಕು.

ಭಾವ ಬೆವರೊರೆಸಿಕೊಂಡು ನನ್ನ ಕಡೆ ನೋಡಿದರು. “ಏನಂತೋ?”

ಇಲ್ಲಿದೆ ನೋಡಿ ನನ್ನ ಪಾಪ. ನಾನು ಹೇಳಿದೆ: “ನಿಮ್ಮದೇ ಮುಖ್ಯ ಪಾರ್ಟಂತೆ ಭಾವ. ನಿಮ್ಮನ್ನ ನೋಡಿ ದೇಶವೆಲ್ಲ ಬೆರಗಾಗ್ಬೇಕಂತೆ.”

“ಅಷ್ಟುದ್ದ ಹೇಳಿದ್ರು, ನೀನು ಇಷ್ಟೇ ಹೇಳ್ತೀಯಲ್ಲೋ?”

“ಇಂಗ್ಲಿಷೇ ಹಾಗೆ ಭಾವ. ಮಾತು ಜಾಸ್ತಿ, ವಿಷಯ ಕಮ್ಮಿ.”

ಅವರ ಮನಸ್ಸು ನೋಯದಿರಲಿ ಎಂದು ಸುಳ್ಳು ಹೇಳಿದೆ ಅಂತ ನೀವು ತಿಳಿಯಬಹುದು. ಅರ್ಧ ನಿಜ. ಇನ್ನರ್ಧ ಏನೆಂದರೆ, ಟೀವಿಯಲ್ಲಿ ಬರುವವರ ಭಾವಮೈದುನ ಅನ್ನಿಸಿಕೊಳ್ಳುವ ಆಸೆ ನನಗೆ ಬಂದುಬಿಟ್ಟಿತ್ತು. ನಿಜ ಹೇಳಿದ್ದರೆ ಭಾವ ಸೈಕಲ್ ತಿರುಗಿಸಿಕೊಂಡು ಮನೆಗೆ ಹೊರಟಿರುತ್ತಿದ್ದರು.

ಮುಂದಿನ ಭಾನುವಾರ ಶೂಟಿಂಗು. ಭಾವನಿಗೆ ಮಾಸಿದ ಕೋಟು ತೊಡಿಸಿ, ತಲೆಗೆ ಟವೆಲ್ ಸುತ್ತಿಸಿ, ಹಿಂದಿನ ಕ್ಯಾರಿಯರಿಗೆ ಒಂದು ಜೀವಂತ ಕೋಳಿಯ ಬುಟ್ಟಿ ಕಟ್ಟಿದರು. ಕೋಳಿ ಗಾಬರಿಯಿಂದ ರೆಕ್ಕೆ ಬಡಿಯಬೇಕು, ಅದು ನಗು ತರಿಸಬೇಕು ಎಂಬುದು ಡೈರೆಕ್ಟರನ ಲೆಕ್ಕ. ಆದರೆ ನಮ್ಮ ಭಾವನ ಸೈಕಲ್ಲು! ತೊಟ್ಟಿಲಿಗಿಂತ ನಯ. ಕೋಳಿ ಕೊರಳು ಮಡಿಸಿ ನಿದ್ದೆಗೆ ಜಾರಿತು. ಡೈರೆಕ್ಟರ್ ಕೂಗಿದ, ಸಹಾಯಕರು ತಗಡು ಬಡಿದರು. ಕೋಳಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಕೊನೆಗೆ ಹಾಗೇ ತೆಗೆದುಕೊಂಡರು.

ಜಾಹೀರಾತು ಭಾನುವಾರದ ಸಿನಿಮಾದ ನಡುವೆ ಬರುತ್ತದೆಂದು ಹೇಳಿ ಅವರು ಬೊಂಬಾಯಿಗೆ ಹೋದರು. ಯಾವ ಭಾನುವಾರ ಅಂತ ಹೇಳಲಿಲ್ಲ. ಸುದ್ದಿ ಓನರ್ ಮನೆಗೂ ಮುಟ್ಟಿತು. ಆ ವಾರವೇ ಓನರಮ್ಮ ಅಂಗಳ ದಾಟಿ ನಮ್ಮ ಬಾಗಿಲಿಗೆ ಬಂದರು.

“ಏನವ್ವಾ, ನಿನ್ ಗಂಡ ಟೀವೀನಾಗೆ ಬತ್ತಾನಂತೆ? ಅಂಗೇ ಕೂತಿದ್ದೀಯಲ್ಲ, ಒಳೀಕ್ ಬಂದು ನೋಡಬಾರ್ದಾ?”

ಅಕ್ಕ ಹೋದಳು. ಕುರ್ಚಿಯ ಅಂಚಿನಲ್ಲಿ, ಯಾವಾಗ ಏಳು ಅನ್ನುತ್ತಾರೋ ಎಂಬಂತೆ ಕೂತಳು. ಭಾವ ಒಳಗೆ ಬರಲಿಲ್ಲ, ನಾಚಿಕೆ. ಚಪ್ಪಲಿಗಳ ಪಕ್ಕ ಬಾಗಿಲಲ್ಲೇ ನಿಂತರು. ಹೀಗೇ ಕೆಲವು ಭಾನುವಾರ ಕಳೆದವು. ನನ್ನ ಪಾಡು ಯಾರಿಗೆ ಹೇಳಲಿ? ಸಿನಿಮಾ ನಿಂತು ಜಾಹೀರಾತು ಶುರುವಾದರೆ ಸಾಕು, ಪಕ್ಕದಲ್ಲಿ ನಿಂತ ನಾನು ಅಕ್ಕನ ಕುರ್ಚಿ ಹಿಡಿದುಕೊಳ್ಳುತ್ತಿದ್ದೆ. ಸೋಪು ಬಂದರೆ ನೆಮ್ಮದಿಯ ಉಸಿರು, ಟೂತ್‌ಪೇಸ್ಟ್ ಬಂದರೆ ಉಸಿರು. ಗಂಡನನ್ನು ನೋಡಿ ನಗಲೆಂದೇ ಅಕ್ಕನನ್ನು ಕರೆದು ಕೂರಿಸಿದ ಹಾಗಾಗುತ್ತದಲ್ಲ! ಆ ಕಿಟಕಿಯ ಅವಮಾನಕ್ಕಿಂತ ಇದು ದೊಡ್ಡದಲ್ಲವೇ? ಜಾಹೀರಾತು ಬರದೇ ಹೋಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಆ ಮೊಪೆಡ್ ಕಂಪನಿಯೇ ಮುಚ್ಚಿಹೋಗಲಿ ಎಂದೂ ಒಮ್ಮೆ ಬೇಡಿಕೊಂಡೆ, ದೇವರು ಕ್ಷಮಿಸಲಿ.

ಬಂತು.

ಮೊಪೆಡ್ಡಿನ ಯುವಕ ಕೂದಲು ಹಾರಿಸಿಕೊಂಡು ಬಂದ. ರಸ್ತೆಯ ಮಧ್ಯೆ ಕೋಟು, ಟವೆಲ್ಲು, ಮಲಗಿದ ಕೋಳಿಯ ಸಮೇತ ನಮ್ಮ ಭಾವ. ಯುವಕ ಭರ್‍ರನೆ ಹಾದುಹೋದ. ಹುಡುಗಿ ಹತ್ತಿದಳು, ಹೋದಳು. ಧೂಳೆದ್ದಿತು. ಧೂಳಿನಲ್ಲಿ ಭಾವ ಇನ್ನೂ ಅಲ್ಲೇ. ಹಿಂದಿಯಲ್ಲಿ ಒಂದು ಗಡಸು ದನಿ ಏನೋ ಚುಚ್ಚಿ ಮಾತಾಡಿ ನಕ್ಕಿತು.

ಓನರಮ್ಮನ ಮಗ ಮೊದಲು ನಕ್ಕ. ಅಕ್ಕ ತಲೆ ತಗ್ಗಿಸಿದ್ದನ್ನು ಕಂಡೆ. ನೆಲ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಕಿಟಕಿಯ ಹೊರಗಿನಿಂದ ನಮ್ಮ ಕಾರ್ಖಾನೆಯ ವೆಲ್ಡರ್ ಒಬ್ಬ ಕಿರುಚಿದ: “ಕಾಲು ಊರ್ಲಿಲ್ಲ ಗುರು! ಕಾಲೇ ಊರ್ಲಿಲ್ಲ!”

“ಆ ಮೊಪೆಡ್ಡವ್ನು ಔಟು ಮಗಾ! ಫಸ್ಟ್ ಹೋಗ್ಬಿಟ್ಟ ನೋಡು, ದಡ್ಡ!”

ಶಿಳ್ಳೆ! ಚಪ್ಪಾಳೆ! ಕಿಟಕಿಯ ಸರಳುಗಳನ್ನು ಹಿಡಿದು ಸಾಲುಮನೆಯೆಲ್ಲ ಕುಣಿಯಿತು. ವರ್ಷ ವರ್ಷವೂ ಮೈದಾನದ ಬದಿಯಲ್ಲಿ ನಿಂತು ಕೊನೆಗೆ ಬಂದವನಿಗೆ ಶಿಳ್ಳೆ ಹೊಡೆದ ಜನ. ಅವರಿಗೆ ಜಾಹೀರಾತು ಬೇರೆ ಹೇಗೆ ಕಾಣಬೇಕು? ಓನರಮ್ಮ ಕಕ್ಕಾಬಿಕ್ಕಿಯಾದರು.

“ಯಾರ್ಲಾ ಗೆದ್ದೋರು?”

“ನಿಮ್ ಮನೆ ಬಾಡಿಗೆಯೋರೇ ಕಣಮ್ಮಾ! ಹಿಂದೆ ಉಳಿದ್ರಲ್ಲ, ಅವ್ರೇ!”

“ಅಂಗಾ? ಅದ್ಯಾಕ್ ಸುಮ್ಕೆ ಕೂತಿದ್ದೀರಾ ಮತ್ತೆ, ಚಪ್ಪಾಳೆ ಒಡೀರ್ಲಾ!” ಎಂದು ಮಗನ ಬೆನ್ನಿಗೊಂದು ಕೊಟ್ಟು ಓನರಮ್ಮ ತಾವೂ ತಟ್ಟಿದರು. ಆಮೇಲೆ ಟೀವಿಯ ಕಡೆ ತಿರುಗಿ, “ಇನ್ನೊಂದ್ ಸಲ ಆಕಪ್ಪಾ!” ಎಂದು ಅದಕ್ಕೇ ಅಪ್ಪಣೆ ಮಾಡಿದರು.

ಅಷ್ಟೂ ವಾರಗಳ ಭಯ ಒಮ್ಮೆಲೇ ಇಳಿದು ನಾನು ಅಲ್ಲೇ ನೆಲಕ್ಕೆ ಕುಸಿದು ಹುಚ್ಚನ ಹಾಗೆ ನಕ್ಕೆ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದಳು.

ಎದ್ದು ಬಾಗಿಲಿಗೆ ಹೋದೆ. ಭಾವ ಚಪ್ಪಲಿಗಳ ನಡುವೆ ಹಾಗೇ ನಿಂತಿದ್ದರು.

“ಭಾವ, ಹೇಗ್ ಬಂದಿದ್ರಿ! ನೋಡಿದ್ರಾ?”

“ಇಲ್ಲ ಕಣೋ,” ಎಂದರು ಒಳಗಿನಿಂದ ಕಣ್ಣು ತೆಗೆಯದೆ. “ನಿಮ್ಮಕ್ಕ ಒರಗಿ ಕೂತ್ಕೊಂಡ್ಳು, ಅದನ್ನ ನೋಡ್ತಿದ್ದೆ.”

ಆಗಲೇ ನನ್ನ ಸುಳ್ಳನ್ನು ಒಪ್ಪಿಕೊಂಡುಬಿಡಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಸಿನಿಮಾ ಮತ್ತೆ ಶುರುವಾಯಿತು, ಅದು ಮುಗಿದದ್ದೇ ಅಕ್ಕ ಹೊರಗೆ ಬಂದಳು. ಅಂಗಳ ದಾಟಿದರೆ ನಮ್ಮ ಮನೆ. ಅಷ್ಟು ದೂರಕ್ಕೆ ಅವರಿಬ್ಬರೂ ಅದೆಷ್ಟು ಹೊತ್ತು ತೆಗೆದುಕೊಂಡರು! ನಾನು ಮುಂದೆ ಹೋಗಿ ಬಾಗಿಲು ತೆರೆದು, ದೀಪ ಹಾಕಿ ಕಾಯುತ್ತ ನಿಂತೆ. ಬೇಗ ಬನ್ನಿ ಅಂತ ಕೂಗಲಿಲ್ಲ.