ಕರಡಿಗೆ ಅಟ್ಟಣೆ, ನಮಗೆ ತಾಯಿತ

ರೈಟರ್ ಕೆಲಸ ಅಂದರೆ ಹಾಜರಿ ಬರೆಯೋದು ಎಂದು ನಂಬಿಕೊಂಡು ಹೆತ್ತೂರು ಕಡೆಯ ಕಾಫಿ ಎಸ್ಟೇಟಿಗೆ ಬಂದವನು ನಾನು. ಆಮೇಲೆ ಗೊತ್ತಾಯಿತು, ಹಾಜರಿ ಒಂದು ಬಿಟ್ಟು ಉಳಿದದ್ದೆಲ್ಲ ರೈಟರ್ ತಲೆಗೇ ಬರುತ್ತದೆ ಅಂತ. ಹೆರಿಗೆ, ಹೆಣ, ಹಾವು, ಗಂಡಹೆಂಡಿರ ಜಗಳ. ಅರವತ್ತರ ದಶಕದ ಒಂದು ಮಳೆಗಾಲದಲ್ಲಿ ಕರಡಿಯೂ ಬಂತು. ಈಗ ನಗುತ್ತಾ ಹೇಳುತ್ತೇನೆ, ಆಗ ಯಾರೂ ನಕ್ಕಿರಲಿಲ್ಲ.

೧. ಪಾಲು

ನಮ್ಮಲ್ಲಿ ಮರಗಸಿ ಮಾಡುವವನೊಬ್ಬನಿದ್ದ. ಎಂಥ ನೆರಳುಮರವನ್ನಾದರೂ ಹತ್ತಿ ಕೊಂಬೆ ಕಡಿಯುವ ಗಟ್ಟಿಗ. ಸೌದೆಗೆ ಹೋದಾಗ ಕರಡಿಗೆ ಸಿಕ್ಕಿಬಿದ್ದ. ಜೀವ ಉಳಿಯಿತು, ಮುಖದ ಎಡಭಾಗ ಉಳಿಯಲಿಲ್ಲ. ಸಕಲೇಶಪುರದ ಆಸ್ಪತ್ರೆಯಿಂದ ವಾಪಸ್ ಬಂದವನು ಕೂಲಿಯವರ ಲೈನ್ ಮನೆಯ ಹೊಸ್ತಿಲು ದಾಟಲೊಲ್ಲ. ನಾಯಿ ಮೈ ಕೊಡವಿದರೂ ಕಿರುಚುತ್ತಿದ್ದ.

ಸಾಹುಕಾರರು ಕೋವಿ ತಂದು ನನ್ನ ಕೈಗಿಟ್ಟು, "ಹಲಸಿನ ಹಣ್ಣಿಟ್ಟು, ಅಟ್ಟಣೆ ಕಟ್ಟಿ ಹೊಡೀರಿ" ಎಂದರು. ಸುದ್ದಿ ತಿಳಿದದ್ದೇ ತಡ, ಜನ ನನ್ನ ಬಾಗಿಲಿಗೆ ಬಂದರು. ಒಬ್ಬರಿಗೆ ಉಗುರು ಬೇಕು, ಒಬ್ಬರಿಗೆ ಹಲ್ಲು, ಮೇಸ್ತ್ರಿಗೆ ಮಂಡಿನೋವಿಗೆ ಹಚ್ಚಲು ಕೊಬ್ಬು.

"ಕರಡಿ ಇನ್ನೂ ಕಾಡಲ್ಲೇ ಐತೆ ಕಣ್ರೀ" ಎಂದೆ.

"ಅದಕ್ಕೇ ಈಗ್ಲೇ ಹೇಳ್ತಿರೋದು. ಸತ್ಮೇಲೆ ನೂಕುನುಗ್ಗಲು ಆಗ್ಬುಡ್ತದೆ" ಎಂದ ಮೇಸ್ತ್ರಿ.

೨. ಹಣ್ಣು

ಕಾಡಂಚಿನ ಮತ್ತಿಮರಕ್ಕೆ ಬಿದಿರಿನ ಅಟ್ಟಣೆ ಬಿಗಿದು, ಎದುರಿಗೆ ಮಾಗಿದ ಹಲಸನ್ನು ಸೀಳಿಟ್ಟೆವು. ಮೊದಲು ಕರಡಿಗೆ ರುಚಿ ಹತ್ತಲಿ, ಆಮೇಲೆ ಕೂರೋಣ ಅಂತ. ಮೂರು ದಿನವೂ ಹಣ್ಣು ಖಾಲಿ. ಮೇಸ್ತ್ರಿ ಹಿಗ್ಗಿಹೋದ. ನಾನು ಬಗ್ಗಿ ನೋಡಿದೆ. ಸಿಪ್ಪೆ ಒಂದು ಕಡೆ ಅಚ್ಚುಕಟ್ಟಾಗಿ ಬಿದ್ದಿದೆ, ಬೀಜ ಒಂದೂ ಇಲ್ಲ. ಕರಡಿ ಬೀಜ ಆರಿಸಿ ಮನೆಗೆ ಒಯ್ಯುತ್ತದೆಯೇ?

ಮಧ್ಯಾಹ್ನ ಲೈನಿಗೆ ಹೋದರೆ ಮನೆಮನೆಯಲ್ಲೂ ಹಲಸಿನ ಬೀಜದ ಸಾರು ಕುದಿಯುತ್ತಿತ್ತು. ಮಳೆಗೆ ವಾರದಿಂದ ಕೆಲಸ ನಿಂತಿತ್ತು, ರಾಗಿ ತಳ ಕಂಡಿತ್ತು. ಕರಡಿ ತಿರುಗುವ ಜಾಗವೆಂದು ಗೊತ್ತಿದ್ದೂ ಹೋಗಿ ತಂದಿದ್ದರು.

ಅಜ್ಜಿಯೊಬ್ಬಳು ಎದ್ದು ಬಂದು, "ಕರಡಿಗೆ ಅಂತ ಒಳ್ಳೇ ಹಣ್ಣೇ ಇಡ್ತೀರಿ ರೈಟ್ರೇ. ನಾಳೆಯಿಂದ ಎರಡು ಇಡಿ, ಪಾಪ, ಅದಕ್ಕೂ ಒಂದು ಸಿಗ್ಲಿ" ಎಂದಳು.

೩. ಕೂದಲು

ಮರಗಸಿಯವನ ಹೆಂಡತಿ ಕೊಬ್ಬು, ಉಗುರು ಏನೂ ಕೇಳಲಿಲ್ಲ. "ಅವ್ರ ಹೆದ್ರಿಕೆ ಬಿಡಿಸೋಕೆ ಕರಡಿ ಕೂದ್ಲು ಹಾಕಿ ತಾಯಿತ ಕಟ್ಬೇಕು ರೈಟ್ರೇ. ಕೂದ್ಲು ಕೊಡೋ ಕರಡಿ ಆಡ್ಸೋರು ಈ ಮಳೇಲಿ ಎಲ್ಲಿ ಬತ್ತಾರೆ?" ಎಂದಳು. ನಿದ್ದೆಯಿಲ್ಲದ ಅವಳ ಕಣ್ಣು ನೋಡಲಾಗದೆ ನಾನೊಂದು ಪಾಪ ಮಾಡಿದೆ. ನನ್ನ ಕರಿಕಂಬಳಿಯಿಂದ ಒಂದಿಷ್ಟು ಉಣ್ಣೆ ಕಿತ್ತು, "ಅಟ್ಟಣೆ ಹತ್ರ ಮುಳ್ಳಿಗೆ ಸಿಕ್ಕೊಂಡಿತ್ತು" ಎಂದು ಕೊಟ್ಟುಬಿಟ್ಟೆ.

ಮಾರನೆಯ ದಿನ ಅವನು ತೋಳಿಗೆ ತಾಯಿತ ಕಟ್ಟಿಕೊಂಡು ನನ್ನ ಮುಂದೆ ನಿಂತಿದ್ದ. "ನಾನೂ ಅಟ್ಟಣೆಗೆ ಬತ್ತೀನಿ." ಕುರಿಯ ಕೂದಲು ನಂಬಿಕೊಂಡು ಕರಡಿಯ ಎದುರಿಗೆ ಹೊರಟಿದ್ದಾನಲ್ಲ!

"ಬ್ಯಾಡ ಮಾರಾಯ" ಎಂದೆ.

"ನಿಮ್ಗೆ ತಾಯಿತ ಇಲ್ವಲ್ಲ. ಒಬ್ರನ್ನೇ ಕಳ್ಸೋಕೆ ಮನಸು ಒಪ್ತಿಲ್ಲ" ಎಂದ.

೪. ಈಡು

ಹೊತ್ತು ಇಳಿಯುವಾಗ ಕರಡಿ ಬಂತು, ಹಣ್ಣಿಗೆ ಮೂತಿ ಇಟ್ಟಿತು. ನನ್ನ ನಡುಕಕ್ಕೆ ಅಟ್ಟಣೆಯ ಬಿದಿರೆಲ್ಲ ಕಿರುಗುಟ್ಟಿತು. ಅವನು ತನ್ನ ತಾಯಿತ ಬಿಚ್ಚಿ ನನ್ನ ತೋಳಿಗೆ ಕಟ್ಟಿದ. ಅದರೊಳಗಿರುವುದು ಏನೆಂದು ಆ ಕಾಡಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಕೈಯ ನಡುಕ ನಿಂತಿತು! ಈಡು ಹಾರಿಸಿದೆ.

ಕರಡಿ ಸಾಯುವಾಗ ಮನುಷ್ಯರ ಹಾಗೇ ಕೂಗಿತು, ಬಹಳ ಹೊತ್ತು. "ನಾನೂ ಹಿಂಗೇ ಕೂಗಿದ್ನಾ?" ಎಂದು ಕೇಳಿದ. ಅವನಿಗೆ ಉಳಿದಿದ್ದ ಒಂದೇ ಕಣ್ಣಿನಲ್ಲಿ ನೀರು ಬಂತು. ನನಗೂ ತಡೆಯಲಾಗಲಿಲ್ಲ. ಇಳಿಯುವ ಮುಂಚೆ ತಾಯಿತ ಬಿಚ್ಚಿ ಅವನಿಗೇ ಕಟ್ಟಿದೆ.

ಬೆಳಿಗ್ಗೆ ಲೈನಿನವರೆಲ್ಲ ಸೇರಿ ಆ ಕರಡಿಯನ್ನು ಕೋಳಿ ತರಿದ ಹಾಗೆ ತರಿದರು. ಮಾಡಿದ ಪಾಪ ಕಳೆದುಕೊಳ್ಳೋಣ ಅಂತ ನಾನೂ ಒಂದು ಹಿಡಿ ಕೂದಲು ಕಿತ್ತು ಅವನ ಹತ್ತಿರ ಹೋದೆ. "ಹಳೇದು ತೆಗ್ದಾಕು, ಇದು ಕಟ್ಕೊ."

ಅವನು ತಾಯಿತದ ಮೇಲೆ ಅಂಗೈ ಮುಚ್ಚಿಕೊಂಡ.

"ಬ್ಯಾಡ ರೈಟ್ರೇ. ಅದು ಹೆದ್ರಿ, ಕೂಗಾಡಿ ಸತ್ತ ಕರಡೀದು. ಅದ್ರಲ್ಲಿ ಎಂಥ ಧೈರ್ಯ ಇರ್ತೈತೆ? ಇದೇ ಇರ್ಲಿ. ಇದು ಆ ಕರಡಿ ಯಾರ್ಗೂ ಹೆದರ್ದೆ ಓಡಾಡ್ತಿದ್ದಾಗಿನ ಕೂದ್ಲು."